ಸೀಮೆಸುಣ್ಣದ ನೆಲದಡಿ ಮಲಗಿದ ಬಾಟಲಿಗಳು



ಉತ್ತರ ಕರ್ನಾಟಕದ ಕಡೆಯವರಿಗೆ ‘ಹಗೇವು’ ಎಂಬ ಮಾತು ಗೊತ್ತಿರುತ್ತದೆ. ನೆಲದಲ್ಲಿ ಆಳವಾಗಿ ತೋಡಿದ ಗುಂಡಿ, ಅದರೊಳಗೆ ಜೋಳ, ಮೇಲೆ ಕಲ್ಲು ಮತ್ತು ಮಣ್ಣು. ಹೊರಗೆ ಎಷ್ಟೇ ಬಿಸಿಲಿರಲಿ, ಒಳಗಿನ ಕಾಳು ಕೆಡುತ್ತಿರಲಿಲ್ಲ. ಬರಗಾಲ ಬಂದಾಗ ಹಗೇವು ತೆಗೆದು ಊರು ಉಣ್ಣುತ್ತಿತ್ತು. ಮೈಸೂರು ಕಡೆಯವರಿಗೆ ಉಗ್ರಾಣದ ಮೂಲೆಯ ಉಪ್ಪಿನಕಾಯಿ ಭರಣಿ ನೆನಪಾಗಬಹುದು. ಒದ್ದೆ ಕೈ ಹಾಕಬಾರದು, ಬಿಸಿಲಿಗೆ ಇಡಬಾರದು, ಸುಮ್ಮನೆ ಅಲುಗಾಡಿಸಬಾರದು ಎಂದು ಅಜ್ಜಿಯರು ಬೈಯುತ್ತಿದ್ದ ಭರಣಿ ಅದು.

ಇವತ್ತು ಹೇಳಹೊರಟಿರುವುದು ಇದೇ ಜಾತಿಯ, ಆದರೆ ಬಹಳ ದೂರದ ಒಂದು ಉಗ್ರಾಣದ ಕಥೆ. ಫ್ರಾನ್ಸ್ ದೇಶದ ಈಶಾನ್ಯ ಭಾಗದಲ್ಲಿ ಷಾಂಪೇನ್ ಎಂಬ ಪ್ರದೇಶವಿದೆ. ಅಲ್ಲಿ ತಯಾರಾಗುವ ನೊರೆಯುಕ್ಕುವ ವೈನಿಗೂ ಅದೇ ಹೆಸರು. ಕ್ರಿಕೆಟ್ ಗೆದ್ದವರು, ಕಾರ್ ರೇಸ್ ಗೆದ್ದವರು ಬಾಟಲಿ ಅಲ್ಲಾಡಿಸಿ ಚಿಮ್ಮಿಸುವುದನ್ನು ಟಿವಿಯಲ್ಲಿ ನೀವು ನೋಡಿದ್ದೀರಿ. ಈ ಪುಟ ಓದುವವರಲ್ಲಿ ಒಂದು ಹನಿಯನ್ನೂ ಮುಟ್ಟದವರು ಬೇಕಾದಷ್ಟು ಜನ ಇರಬಹುದು. ಅವರೂ ಓದಬಹುದಾದ ಕಥೆಯಿದು. ಏಕೆಂದರೆ ಇದು ಕುಡಿಯುವುದಕ್ಕಿಂತ ಹೆಚ್ಚಾಗಿ ಕಾಪಾಡುವುದರ ಕಥೆ. ಕತ್ತಲೆ, ತಂಪು, ಅಲುಗಾಡದ ನೆಲ, ಈ ಮೂರು ಸೇರಿದರೆ ಏನೇನು ಉಳಿಯುತ್ತದೆ ಎಂಬುದರ ಕಥೆ.

ಕಲ್ಲು ತೆಗೆದ ಜಾಗದಲ್ಲಿ ಉಗ್ರಾಣ

ಷಾಂಪೇನ್ ಪ್ರದೇಶದ ಮುಖ್ಯ ಪಟ್ಟಣ ರೀಮ್ಸ್. ಫ್ರಾನ್ಸಿನ ಅರಸರಿಗೆ ಪಟ್ಟ ಕಟ್ಟುತ್ತಿದ್ದ ದೊಡ್ಡ ಕೆಥೀಡ್ರಲ್ ಇರುವ ಊರು. ಈ ಊರಿನ ಕೆಳಗೆ ಇರುವುದು ಬಿಳಿಯ ಮೆತ್ತನೆಯ ಸುಣ್ಣದ ಕಲ್ಲು. ನಾವು ಶಾಲೆಯಲ್ಲಿ ಕರಿಹಲಗೆಯ ಮೇಲೆ ಬರೆಯುತ್ತಿದ್ದ ಸೀಮೆಸುಣ್ಣದ ಜಾತಿಯೇ. ರೋಮನ್ನರ ಕಾಲದಿಂದ ಮಧ್ಯಯುಗದವರೆಗೆ ಜನ ಇಲ್ಲಿ ಬಾವಿಯಂತೆ ಗುಂಡಿ ತೋಡಿ, ಮನೆ ಕಟ್ಟಲು ಕಲ್ಲು ತೆಗೆಯುತ್ತಿದ್ದರು. ಗುಂಡಿಯ ಬಾಯಿ ಕಿರಿದು, ಕೆಳಕ್ಕೆ ಹೋದಂತೆ ಅಗಲ. ನಮ್ಮ ಹಗೇವಿನ ಹಾಗೆಯೇ! ಆದರೆ ಆಳ ಮಾತ್ರ ಕೆಲವು ಕಡೆ ಮೂವತ್ತು ಮೀಟರಿಗೂ ಹೆಚ್ಚು, ಅಂದರೆ ಹತ್ತು ಅಂತಸ್ತಿನ ಕಟ್ಟಡದಷ್ಟು. ಕಲ್ಲು ತೆಗೆದ ಮೇಲೆ ಆ ಗುಂಡಿಗಳು ಪಾಳು ಬಿದ್ದವು.

ಹದಿನೆಂಟನೆಯ ಶತಮಾನದಲ್ಲಿ ಅವುಗಳಿಗೆ ಹೊಸ ಕೆಲಸ ಸಿಕ್ಕಿತು. 1729ರಲ್ಲಿ ಆರಂಭವಾದ ರುಯಿನಾರ್ ಎಂಬ ವೈನ್ ಮನೆತನ ಈ ಗುಂಡಿಗಳನ್ನು ಬಾಟಲಿ ಇಡಲು ಬಳಸಿದವರಲ್ಲಿ ಮೊದಲಿನದು. ಮುಂದೆ 1868ರಿಂದ ಹತ್ತು ವರ್ಷ ಕಾಲ ಪೊಮ್ಮರಿ ಮನೆತನದ ಒಡತಿ, ವಿಧವೆ ಲೂಯಿಸ್ ಪೊಮ್ಮರಿ, ನೂರಕ್ಕೂ ಹೆಚ್ಚು ಗುಂಡಿಗಳನ್ನು ಸುರಂಗಗಳಿಂದ ಒಂದಕ್ಕೊಂದು ಜೋಡಿಸಿದಳು. ಆ ಸುರಂಗಗಳ ಉದ್ದ 18 ಕಿಲೋಮೀಟರ್. ಇಳಿಯಲು 116 ಮೆಟ್ಟಿಲು. ಸುರಂಗದ ಒಂದೊಂದು ಓಣಿಗೂ ತಮ್ಮ ವೈನ್ ಹೋಗುತ್ತಿದ್ದ ಊರುಗಳ ಹೆಸರಿಟ್ಟರು.

ಈ ಗುಂಡಿಗಳ ವಿಶೇಷವೇನು? ವರ್ಷವಿಡೀ ಒಳಗಿನ ತಾಪಮಾನ 10ರಿಂದ 12 ಡಿಗ್ರಿ. ಮೇಲೆ ಹಿಮ ಬೀಳಲಿ, ಬಿಸಿಲು ಕಾಯಲಿ, ಕೆಳಗೆ ವ್ಯತ್ಯಾಸವಿಲ್ಲ. ಸುಣ್ಣದ ಕಲ್ಲು ನೀರನ್ನು ಹೀರಿಕೊಂಡು ಗಾಳಿಯನ್ನು ಸದಾ ತೇವವಾಗಿ ಇಡುತ್ತದೆ. ಬೆಳಕು ಇಲ್ಲ. ಗಾಡಿಗಳ ಸದ್ದಾಗಲಿ, ಅದುರಾಗಲಿ ಅಲ್ಲಿಗೆ ಇಳಿಯುವುದಿಲ್ಲ.

ಬಾಟಲಿಯೇ ಇಲ್ಲದಿದ್ದಾಗ

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಗುಂಡಿಗಳು ಅಷ್ಟು ಹಳೆಯವಾದರೆ, ವೈನ್ ಅದಕ್ಕಿಂತಲೂ ಹಳೆಯದಾದರೆ, ಹದಿನೆಂಟನೆಯ ಶತಮಾನದವರೆಗೆ ಕಾದದ್ದು ಏಕೆ?

ಉತ್ತರ ಸರಳ. ಇಡಲು ತಕ್ಕ ಬಾಟಲಿಯೇ ಇರಲಿಲ್ಲ. ಅಲ್ಲಿಯವರೆಗೆ ವೈನ್ ಇರುತ್ತಿದ್ದದ್ದು ಮರದ ಪೀಪಾಯಿಗಳಲ್ಲಿ. ಪೀಪಾಯಿ ಅರ್ಧ ಖಾಲಿಯಾದರೆ ಗಾಳಿ ಹೊಕ್ಕು ವೈನ್ ಹುಳಿಯುತ್ತಿತ್ತು. ಹಾಗಾಗಿ ಹೊಸ ವೈನಿಗೇ ಬೆಲೆ. ಹಳೆಯ ವೈನ್ ಎಂದರೆ ಬೇಡದ ವೈನ್. ‘ಹಳೆಯದಾದಷ್ಟೂ ರುಚಿ’ ಎಂಬ ಮಾತು ಆಗ ಯಾರ ಬಾಯಲ್ಲೂ ಬರುವಂತಿರಲಿಲ್ಲ. ಗಾಜಿನ ಸೀಸೆಗಳು ಇದ್ದವು, ನಿಜ. ಆದರೆ ಸೌದೆಯ ಬೆಂಕಿಯಲ್ಲಿ ಮಾಡಿದ ಆ ತೆಳು ಗಾಜು ಪೀಪಾಯಿಯಿಂದ ಮೇಜಿಗೆ ತರಲು ಮಾತ್ರ ಸಾಕಾಗುತ್ತಿತ್ತು.

ಬದಲಾವಣೆ ಬಂದದ್ದು ಫ್ರಾನ್ಸಿನಲ್ಲಲ್ಲ, ಇಂಗ್ಲೆಂಡಿನಲ್ಲಿ. ಹಡಗು ಕಟ್ಟಲು ಮರ ಬೇಕೆಂದು 1615ರಲ್ಲಿ ಒಂದನೆಯ ಜೇಮ್ಸ್ ದೊರೆ ಗಾಜಿನ ಕುಲುಮೆಗಳಲ್ಲಿ ಸೌದೆ ಉರಿಸುವುದನ್ನು ನಿಷೇಧಿಸಿದ. ಗಾಜು ಮಾಡುವವರು ಬೇರೆ ದಾರಿಯಿಲ್ಲದೆ ಕಲ್ಲಿದ್ದಲಿಗೆ ಹೋದರು. ಕಲ್ಲಿದ್ದಲಿನ ಶಾಖ ಹೆಚ್ಚು, ಗಾಜು ದಪ್ಪ ಮತ್ತು ಗಟ್ಟಿ. ಬಣ್ಣವೂ ಕಪ್ಪು ಹಸಿರು. ಅದರ ಬಾಯಿಗೆ ತೊಗಟೆಯ ಬಿರಡೆ, ಅಂದರೆ ಕಾರ್ಕ್, ಬಿಗಿಯಾಗಿ ಕೂತಿತು. ಮರ ಉಳಿಸುವ ಒಂದು ಆಜ್ಞೆಯಿಂದ ವೈನಿನ ಆಯುಷ್ಯ ಬೆಳೆಯಿತು!

ಆಗ ಇನ್ನೊಂದು ವಿಚಿತ್ರ ಕಂಡಿತು. ಷಾಂಪೇನಿನಂಥ ಚಳಿಯ ಪ್ರದೇಶದಲ್ಲಿ ಶರತ್ಕಾಲದಲ್ಲಿ ಹುದುಗಲು ಇಟ್ಟ ದ್ರಾಕ್ಷಿರಸ ಚಳಿಗಾಲ ಬಂದೊಡನೆ ಅರ್ಧಕ್ಕೇ ನಿಂತುಬಿಡುತ್ತದೆ. ವಸಂತದಲ್ಲಿ ಬೆಚ್ಚಗಾದಾಗ ಮತ್ತೆ ಹುದುಗಲು ಶುರು. ಪೀಪಾಯಿಯಲ್ಲಿದ್ದರೆ ಹುಟ್ಟಿದ ಅನಿಲ ಹೊರಗೆ ಹೋಗುತ್ತದೆ. ಬಿಗಿಯಾಗಿ ಬಿರಡೆ ಹಾಕಿದ ಬಾಟಲಿಯಲ್ಲಿದ್ದರೆ ಎಲ್ಲಿಗೆ ಹೋಗಬೇಕು? ವೈನಿನಲ್ಲೇ ಕರಗುತ್ತದೆ, ತೆರೆದಾಗ ನೊರೆಯಾಗಿ ಉಕ್ಕುತ್ತದೆ. ಪೀಪಾಯಿಯಲ್ಲಿ ಬಂದ ವೈನನ್ನು ಬಾಟಲಿಗೆ ತುಂಬುತ್ತಿದ್ದ ಇಂಗ್ಲೆಂಡಿನವರಿಗೆ ಇದು ಹಿಡಿಸಿತು. ವೈನಿಗೆ ಸಕ್ಕರೆ ಸೇರಿಸಿ ನೊರೆ ಬರಿಸುವ ಪದ್ಧತಿಯನ್ನು ಕ್ರಿಸ್ಟಫರ್ ಮೆರೆಟ್ ಎಂಬ ವಿದ್ವಾಂಸ 1662ರ ಡಿಸೆಂಬರಿನಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ವಿವರಿಸಿದ್ದಾನೆ.

ಡೋಮ್ ಪೆರಿನ್ಯೋ ಎಂಬ ಸನ್ಯಾಸಿ ಷಾಂಪೇನ್ ಕಂಡುಹಿಡಿದ ಎಂಬ ಕಥೆಯನ್ನು ನೀವು ಕೇಳಿರಬಹುದು. ಆತ ಓವಿಲ್ಲೇ ಮಠಕ್ಕೆ ಬಂದದ್ದೇ 1668ರಲ್ಲಿ, ಅಂದರೆ ಮೆರೆಟ್ ಬರೆದ ಆರು ವರ್ಷದ ಮೇಲೆ. ಆತ ಅಲ್ಲಿನ ಉಗ್ರಾಣಿ. 1715ರಲ್ಲಿ ತೀರಿಕೊಳ್ಳುವವರೆಗೂ ಬೇರೆ ಬೇರೆ ತೋಟದ ದ್ರಾಕ್ಷಿ ಬೆರೆಸಿ ಒಳ್ಳೆಯ ವೈನ್ ಮಾಡುವುದರಲ್ಲಿ ಎತ್ತಿದ ಕೈ. ಆದರೆ ನೊರೆಯನ್ನು ಆತ ದೋಷವೆಂದೇ ಎಣಿಸಿ ತಡೆಯಲು ನೋಡಿದವನು. ಕಥೆ ಬೆಳೆದದ್ದು ಆಮೇಲೆ, ಜಾಹೀರಾತಿನ ಕಾಲದಲ್ಲಿ.

ಮೇ 25, 1728ರಂದು ಹದಿನೈದನೆಯ ಲೂಯಿ ದೊರೆ ಷಾಂಪೇನ್ ವೈನನ್ನು ಬಾಟಲಿಯಲ್ಲೇ ಸಾಗಿಸಲು ಅಪ್ಪಣೆ ಕೊಟ್ಟ. ಅದಕ್ಕೆ ಮುಂಚೆ ಪೀಪಾಯಿಯಲ್ಲಿ ಮಾತ್ರ ಸಾಗಿಸಬೇಕಿತ್ತು. ಅಪ್ಪಣೆ ಸಿಕ್ಕ ಮರುವರ್ಷವೇ ರುಯಿನಾರ್ ಅಂಗಡಿ ತೆರೆದದ್ದು ಆಕಸ್ಮಿಕವಲ್ಲ. ನೆಲದಡಿಯ ಗುಂಡಿಗಳು ಕಾಯುತ್ತಿದ್ದವು, ಅವುಗಳಿಗೆ ಬೇಕಾದ ಬಾಟಲಿ ಕೊನೆಗೂ ಬಂದಿತ್ತು.

ಕಬ್ಬಿಣದ ಮುಖವಾಡ

ಉಗ್ರಾಣಕ್ಕೆ ಇಳಿಯುವುದು ಆಗ ಧೈರ್ಯದ ಕೆಲಸ. ಷಾಂಪೇನ್ ಬಾಟಲಿಯೊಳಗಿನ ಒತ್ತಡ ಸುಮಾರು ಆರು ವಾತಾವರಣದಷ್ಟು, ಅಂದರೆ ಕಾರಿನ ಟೈರಿನಲ್ಲಿರುವುದರ ಹೆಚ್ಚುಕಡಿಮೆ ಮೂರರಷ್ಟು. ಒಂದು ಬಾಟಲಿ ಒಡೆದರೆ ಅದರ ಚೂರು ಪಕ್ಕದ್ದಕ್ಕೆ, ಅದರಿಂದ ಇನ್ನೊಂದಕ್ಕೆ, ಪಟಾಕಿಯ ಸರದ ಹಾಗೆ. ಕೆಲವು ವರ್ಷ ಇಟ್ಟ ಬಾಟಲಿಗಳಲ್ಲಿ ಅರ್ಧದಷ್ಟು ಒಡೆದುಹೋದದ್ದೂ ಉಂಟು. ಕೆಲಸಗಾರರು ಕಬ್ಬಿಣದ ತಂತಿಯ ಮುಖವಾಡ ಹಾಕಿಕೊಂಡು ಇಳಿಯುತ್ತಿದ್ದರು. ಹಗೇವಿಗೆ ಇಳಿಯುವ ಮುಂಚೆ ದೀಪ ಬಿಟ್ಟು ಒಳಗಿನ ಗಾಳಿ ನೋಡುತ್ತಿದ್ದ ನಮ್ಮ ರೈತರಿಗೆ ಈ ಭಯ ಅರ್ಥವಾಗುತ್ತಿತ್ತು.

ಇದಕ್ಕೆ ಪರಿಹಾರ ಕೊಟ್ಟವನು ಷಾಲೋನ್ ಪಟ್ಟಣದ ಫ್ರಾಂಸ್ವಾ ಎಂಬ ಔಷಧ ವ್ಯಾಪಾರಿ. ಬಾಟಲಿಗೆ ತುಂಬುವ ಮುಂಚೆ ವೈನಿನಲ್ಲಿ ಎಷ್ಟು ಸಕ್ಕರೆ ಇದೆ ಎಂದು ಅಳೆಯುವ ವಿಧಾನವನ್ನು ಆತ 1830ರ ದಶಕದಲ್ಲಿ ಪ್ರಕಟಿಸಿದ. ಎಷ್ಟು ಸಕ್ಕರೆಯೋ ಅಷ್ಟು ಅನಿಲ. ಅಳತೆ ತಿಳಿದ ಮೇಲೆ ಒಡೆಯುವುದು ತಾನಾಗಿ ಕಡಿಮೆಯಾಯಿತು.

ಇನ್ನೊಂದು ತೊಂದರೆ ಇತ್ತು. ಬಾಟಲಿಯೊಳಗೆ ಹುದುಗು ಸತ್ತು ಮಡ್ಡಿಯಾಗಿ ಕೂರುತ್ತದೆ. ಅದನ್ನು ತೆಗೆಯಲು ಹೋದರೆ ನೊರೆಯೂ ಹೋಗುತ್ತದೆ. ಇಪ್ಪತ್ತೇಳನೆಯ ವಯಸ್ಸಿಗೆ, 1805ರಲ್ಲಿ, ಗಂಡನನ್ನು ಕಳೆದುಕೊಂಡು ವ್ಯಾಪಾರದ ಚುಕ್ಕಾಣಿ ಹಿಡಿದ ಮದಾಮ್ ಕ್ಲಿಕೋ ಮತ್ತು ಆಕೆಯ ಉಗ್ರಾಣದ ಮೇಸ್ತ್ರಿ ಆಂಟ್ವಾನ್ ಮುಲ್ಲರ್ 1816ರಿಂದೀಚೆಗೆ ಒಂದು ಉಪಾಯ ಮಾಡಿದರು. ತೂತು ಕೊರೆದ ಹಲಗೆಯಲ್ಲಿ ಬಾಟಲಿಗಳನ್ನು ತಲೆಕೆಳಗಾಗಿ ಓರೆಯಾಗಿ ಸಿಕ್ಕಿಸುವುದು. ದಿನವೂ ಒಂದಿಷ್ಟು ತಿರುಗಿಸುವುದು. ಕೆಲವು ವಾರದಲ್ಲಿ ಮಡ್ಡಿಯೆಲ್ಲ ಬಿರಡೆಯ ಬಳಿ ಬಂದು ಕೂರುತ್ತದೆ. ಆಗ ಬಿರಡೆ ತೆಗೆದರೆ ಮಡ್ಡಿ ಹಾರಿಹೋಗುತ್ತದೆ, ತಿಳಿ ಉಳಿಯುತ್ತದೆ. ಕತ್ತಲ ಸುರಂಗದಲ್ಲಿ ದಿನಕ್ಕೆ ಹತ್ತಾರು ಸಾವಿರ ಬಾಟಲಿ ತಿರುಗಿಸುವ ಕೈಚಳಕದವರು ತಯಾರಾದರು. ಈಗ ಆ ಕೆಲಸವನ್ನು ಬಹುಮಟ್ಟಿಗೆ ಯಂತ್ರಗಳೇ ಮಾಡುತ್ತವೆ.

ನಾಲಿಗೆ ಏನು ಹೇಳುತ್ತದೆ?

ವೈನ್ ರುಚಿ ನೋಡುವವರ ಮಾತು ಕೇಳಿದರೆ ನಮಗೆ ನಗು ಬರುವುದು ಸಹಜ. ‘ಬ್ರೆಡ್ ಸುಟ್ಟ ವಾಸನೆ’, ‘ಬಾದಾಮಿ’, ‘ನಿಂಬೆ ಸಿಪ್ಪೆ’, ‘ಸೀಮೆಸುಣ್ಣ’ ಎಂದೆಲ್ಲ ಹೇಳುತ್ತಾರೆ. ಸುಮ್ಮನೆ ಜಂಬವೇ? ಪೂರ್ತಿ ಅಲ್ಲ. ನಮ್ಮ ಮನೆಗಳಲ್ಲಿ ಕಾಫಿಗೆ ಚಿಕೋರಿ ಹೆಚ್ಚಾಯಿತು ಎಂದು ಒಂದು ಗುಟುಕಿನಲ್ಲಿ ಹೇಳುವವರಿಲ್ಲವೇ? ಸಾರಿನ ಪುಡಿಯಲ್ಲಿ ಮೆಂತ್ಯ ಸೀದಿದೆ ಎಂದು ಮೂಗಿನಿಂದಲೇ ಹಿಡಿಯುವವರಿಲ್ಲವೇ? ಅಭ್ಯಾಸದಿಂದ ಬರುವ ವಿದ್ಯೆಯಿದು.

ಪದ್ಧತಿ ಇಷ್ಟೇ. ಮೊದಲು ಕಣ್ಣು. ಬಣ್ಣ ತಿಳಿಯೇ, ಬಂಗಾರವೇ, ಕಂದಿದೆಯೇ? ಆಮೇಲೆ ಮೂಗು. ಲೋಟವನ್ನು ಸ್ವಲ್ಪ ತಿರುಗಿಸಿ ಗಾಳಿ ಸೋಕಿಸಿ ಮತ್ತೆ ಮೂಗು. ಕೊನೆಗೆ ನಾಲಿಗೆ. ಸಿಹಿ, ಹುಳಿ, ಒಗರು, ಕಹಿ ಎಷ್ಟೆಷ್ಟು? ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ಉಳಿಯುತ್ತದೆ?

ಈ ಅನಿಸಿಕೆಗಳ ಹಿಂದೆ ಉಗ್ರಾಣವಿರುತ್ತದೆ. ಬ್ರೆಡ್ಡಿನ ವಾಸನೆ ಕಲ್ಪನೆಯಲ್ಲ. ಸತ್ತ ಹುದುಗಿನ ಮಡ್ಡಿಯ ಜೊತೆ ವೈನ್ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮಲಗಿದ್ದಾಗ ಹುದುಗಿನ ಕಣಗಳು ಒಡೆದು ತಮ್ಮ ಸತ್ವವನ್ನು ವೈನಿಗೆ ಬಿಡುತ್ತವೆ. ಬೇಕರಿಯಲ್ಲಿರುವುದೂ ಅದೇ ಜಾತಿಯ ಹುದುಗು. ಅದಕ್ಕೇ ಸಾಮಾನ್ಯ ಷಾಂಪೇನ್ ಬಾಟಲಿಗೆ ತುಂಬಿದ ಮೇಲೆ ಕನಿಷ್ಠ 15 ತಿಂಗಳು, ಒಂದೇ ವರ್ಷದ ಬೆಳೆಯಿಂದ ಮಾಡಿದ್ದಾದರೆ ಕನಿಷ್ಠ ಮೂರು ವರ್ಷ ಉಗ್ರಾಣದಲ್ಲಿ ಇರಲೇಬೇಕೆಂದು ನಿಯಮವಿದೆ.

ಕೆಟ್ಟ ಅನಿಸಿಕೆಗೂ ಕಾರಣವಿದೆ. ಬೇಯಿಸಿದ ಎಲೆಕೋಸು, ಒದ್ದೆ ಉಣ್ಣೆಯಂಥ ವಾಸನೆ ಬಂದರೆ ಬಾಟಲಿಗೆ ಬೆಳಕು ಬಿದ್ದಿದೆ ಎಂದು ಅರ್ಥ. ಬೆಳಕಿನಲ್ಲಿ ವೈನಿನೊಳಗಿನ ಗಂಧಕದ ಅಂಶಗಳು ಬದಲಾಗುತ್ತವೆ. ಫ್ರೆಂಚರು ಇದಕ್ಕೆ ‘ಬೆಳಕಿನ ರುಚಿ’ ಎಂದೇ ಹೆಸರಿಟ್ಟಿದ್ದಾರೆ. ಬಿಳಿ ಗಾಜಾದರೆ ಅಪಾಯ ಇನ್ನೂ ಹೆಚ್ಚು. 1876ರಲ್ಲಿ ರಷ್ಯಾದ ದೊರೆ ಎರಡನೆಯ ಅಲೆಕ್ಸಾಂಡರನಿಗಾಗಿ ರೋಡರೆ ಮನೆತನ ಪಾರದರ್ಶಕ ಬಾಟಲಿಯಲ್ಲಿ ಒಂದು ಷಾಂಪೇನ್ ಮಾಡಿತು. ಇಂದಿಗೂ ಆ ಬಾಟಲಿಯನ್ನು ಹಳದಿ ಹಾಳೆಯಲ್ಲಿ ಸುತ್ತಿ ಮಾರುತ್ತಾರೆ. ಅದು ಬರೀ ಅಲಂಕಾರವಲ್ಲ, ಬೆಳಕಿಗೆ ಅಡ್ಡ.

ನೆಲದಡಿಯ ಶಾಲೆ

ಈಗ ಈ ಕಥೆಯ ಬಹುಮುಖ್ಯ ಘಟ್ಟಕ್ಕೆ ಬರೋಣ.

1914ರ ಸೆಪ್ಟೆಂಬರ್. ಮೊದಲ ಮಹಾಯುದ್ಧ ಶುರುವಾಗಿ ಒಂದು ತಿಂಗಳು. ಜರ್ಮನ್ ಸೈನ್ಯ ರೀಮ್ಸ್ ಪಟ್ಟಣವನ್ನು ಹೊಕ್ಕಿತು. ಹತ್ತು ದಿನವೂ ಆಗಿರಲಿಲ್ಲ, ಮಾರ್ನ್ ನದಿಯ ಕದನದ ನಂತರ ಹಿಂದೆ ಸರಿಯಬೇಕಾಯಿತು. ಆದರೆ ಬಹಳ ದೂರ ಹೋಗಲಿಲ್ಲ. ಪಟ್ಟಣದ ಹೊರಗಿನ ಎತ್ತರದ ಜಾಗಗಳಲ್ಲಿ ಫಿರಂಗಿ ಹೂಡಿ ಕೂತಿತು. ಸೆಪ್ಟೆಂಬರ್ 19ರಂದು ಕೆಥೀಡ್ರಲ್ಲಿಗೆ ಬೆಂಕಿ ಬಿತ್ತು. ಆಮೇಲೆ 1918ರ ಶರತ್ಕಾಲದವರೆಗೆ, ನಾಲ್ಕು ವರ್ಷ, ಗುಂಡಿನ ಸುರಿಮಳೆ.

ಜನ ಎಲ್ಲಿಗೆ ಹೋಗಬೇಕು? ಸಾವಿರಾರು ಮಂದಿ ಊರು ಬಿಟ್ಟರು. ಉಳಿದವರು ನೆಲದಡಿಗೆ ಇಳಿದರು. ಬಾಟಲಿಗಳಿಗಾಗಿ ಇದ್ದ ಸುರಂಗಗಳಲ್ಲಿ ಹಾಸಿಗೆ ಹಾಸಿದರು, ಒಲೆ ಹೂಡಿದರು. ಪುರಸಭೆಯ ಕೆಲಸ, ಅಂಗಡಿ, ಪ್ರಾರ್ಥನೆ, ರೋಗಿಗಳ ಆರೈಕೆ ಎಲ್ಲ ಅಲ್ಲಿಯೇ. 1914ರ ಡಿಸೆಂಬರಿನಲ್ಲಿ ಪೊಮ್ಮರಿ ಮನೆತನದ ಉಗ್ರಾಣದಲ್ಲಿ ಮಕ್ಕಳಿಗೆ ಶಾಲೆ ತೆರೆದರು. ಮಮ್ ಮನೆತನದ ಉಗ್ರಾಣದಲ್ಲಿ ಇನ್ನೊಂದು. ಈ ಶಾಲೆಗಳಿಗೆ ಸೇನಾಪತಿಗಳ ಹೆಸರು, ಒಂದಕ್ಕೆ ಮೋನೂರಿ, ಒಂದಕ್ಕೆ ಜೋಫ್ರ್. ದೀಪದ ಬೆಳಕಿನಲ್ಲಿ ಲೆಕ್ಕ, ವ್ಯಾಕರಣ. ಮುಂದೆ ವಿಷಾನಿಲದ ಭಯ ಬಂದಾಗ ಮಕ್ಕಳಿಗೆ ಮುಖವಾಡ ತೊಡುವುದನ್ನೂ ಕಲಿಸಿದರು. ಒಂದು ಕಾಲದಲ್ಲಿ ಬಾಟಲಿ ಒಡೆಯುವುದಕ್ಕೆ ಹೆದರಿ ಕೆಲಸಗಾರರು ಮುಖವಾಡ ಹಾಕಿಕೊಂಡು ಇಳಿದ ಜಾಗ, ಈಗ ಮೇಲಿನ ಲೋಕಕ್ಕೆ ಹೆದರಿ ಮಕ್ಕಳು ಮುಖವಾಡ ಹಾಕಿಕೊಳ್ಳುವ ಜಾಗವಾಯಿತು.

ಆ ವರ್ಷದ ದ್ರಾಕ್ಷಿ ಕೊಯ್ಲು ನಿಲ್ಲಲಿಲ್ಲ. ಗಂಡಸರು ಯುದ್ಧಕ್ಕೆ ಹೋಗಿದ್ದರು. ಹೆಂಗಸರು, ಮುದುಕರು, ಮಕ್ಕಳು ಗುಂಡಿನ ಸದ್ದಿನ ನಡುವೆಯೇ ತೋಟಕ್ಕೆ ಇಳಿದರು. ಪ್ರಾಣ ಕಳೆದುಕೊಂಡವರೂ ಇದ್ದಾರೆ. ಪಕ್ಕದ ಎಪರ್ನೆ ಪಟ್ಟಣದಲ್ಲಿ ಮೋರಿಸ್ ಪೋಲ್ ರೋಜೆ ಎಂಬ ವೈನ್ ವ್ಯಾಪಾರಿಯೇ ಮೇಯರ್. ಜರ್ಮನ್ನರು ಹೊಕ್ಕಾಗಲೂ ಆತ ಊರು ಬಿಡಲಿಲ್ಲ. ಅಂಥ ದಿನಗಳಲ್ಲಿ ಕೊಯ್ದ 1914ರ ಬೆಳೆಯ ಷಾಂಪೇನ್ ಶತಮಾನದ ಒಳ್ಳೆಯ ಬೆಳೆಗಳಲ್ಲಿ ಒಂದೆಂದು ಹೆಸರಾಯಿತು. ದಶಕಗಳ ನಂತರ ತೆರೆದಾಗಲೂ ಅದರಲ್ಲಿ ಜೀವವಿತ್ತು ಎಂದು ರುಚಿ ನೋಡಿದವರು ಬರೆದಿದ್ದಾರೆ. ಅದನ್ನು ಕುಡಿದವರ ಮನಸ್ಸಿನಲ್ಲಿ ಏನು ಬಂದಿರಬಹುದು? ‘ಹುಳಿ ಚೆನ್ನಾಗಿದೆ, ಬಾದಾಮಿಯ ಪರಿಮಳವಿದೆ’ ಎಂದು ಬರೆದು ಮುಗಿಸುವ ರುಚಿಯೇ ಅದು?

ಯುದ್ಧ ಮುಗಿದಾಗ ರೀಮ್ಸ್ ಪಟ್ಟಣದ ಮನೆಗಳಲ್ಲಿ ಬಹುಪಾಲು ನೆಲಸಮವಾಗಿದ್ದವು. ಕೆಳಗಿನ ಊರು ಹಾಗೆಯೇ ಇತ್ತು.

ಎರಡನೆಯ ಮಹಾಯುದ್ಧದಲ್ಲಿ ಉಗ್ರಾಣಗಳ ಕಷ್ಟ ಬೇರೆ ಬಗೆಯದು. 1940ರಲ್ಲಿ ಜರ್ಮನ್ನರು ಫ್ರಾನ್ಸನ್ನು ಹಿಡಿದರು. ಈ ಬಾರಿ ಅವರಿಗೆ ಬೇಕಾದದ್ದು ವೈನ್. ವಾರವಾರವೂ ಲಕ್ಷಗಟ್ಟಲೆ ಬಾಟಲಿ ಒಪ್ಪಿಸಬೇಕೆಂಬ ಹುಕುಂ. ಮನೆತನಗಳು ಮತ್ತು ದ್ರಾಕ್ಷಿ ಬೆಳೆಗಾರರು ಒಟ್ಟಾಗಿ ಮಾತಾಡಲೆಂದು 1941ರಲ್ಲಿ ಒಂದು ಸಮಿತಿ ರಚನೆಯಾಯಿತು. ಷಾಂಪೇನ್ ಹೆಸರನ್ನು ಇಂದಿಗೂ ಕಾಯುವುದು ಆ ಸಮಿತಿಯೇ. ಅದರ ಮುಂದಾಳು, ಮೊಎಟ್ ಎ ಷಾಂದೋನ್ ಮನೆತನದ ರೋಬರ್ ಜಾನ್ ದ ವೋಗ್ಯೂ 1943ರ ನವೆಂಬರಿನಲ್ಲಿ ಸೆರೆಯಾಗಿ ಜರ್ಮನ್ ಶಿಬಿರಕ್ಕೆ ಹೋಗಬೇಕಾಯಿತು. ಆತ ಜೀವಂತ ಮರಳಿದ. ಮೇ 7, 1945ರಂದು ಜರ್ಮನ್ ಸೈನ್ಯ ಶರಣಾಗತಿ ಪತ್ರಕ್ಕೆ ಸಹಿ ಹಾಕಿದ್ದು ಇದೇ ರೀಮ್ಸ್ ಪಟ್ಟಣದ ಒಂದು ಶಾಲೆಯ ಕಟ್ಟಡದಲ್ಲಿ. ಈ ಬಾರಿ ಶಾಲೆ ನೆಲದ ಮೇಲಿತ್ತು.

ಸಮುದ್ರವೇ ಉಗ್ರಾಣವಾದಾಗ

2010ರ ಜುಲೈ. ಫಿನ್ಲೆಂಡಿಗೆ ಸೇರಿದ ಆಲಂಡ್ ದ್ವೀಪಗಳ ಬಳಿ, ಬಾಲ್ಟಿಕ್ ಸಮುದ್ರದಲ್ಲಿ ಸುಮಾರು 50 ಮೀಟರ್ ಆಳದಲ್ಲಿ ಮುಳುಗುಗಾರರಿಗೆ ಒಂದು ಹಳೆಯ ಹಡಗಿನ ಅವಶೇಷ ಸಿಕ್ಕಿತು. ಅದರಲ್ಲಿ ಬಾಟಲಿಗಳು. ಒಂದನ್ನು ಮೇಲೆ ತಂದು ರುಚಿ ನೋಡಿದರೆ ಅದು ವೈನ್! ಒಟ್ಟು 168 ಬಾಟಲಿ ಷಾಂಪೇನ್, ಸುಮಾರು 170 ವರ್ಷ ಹಳೆಯದು. ಕಾಗದದ ಚೀಟಿಗಳು ಎಂದೋ ಕರಗಿಹೋಗಿದ್ದವು. ಯಾರು ಮಾಡಿದ್ದೆಂದು ಹೇಳಿದ್ದು ಬಿರಡೆ. ವೈನಿಗೆ ತಾಗುವ ಕಡೆ ಅದರಲ್ಲಿ ಮನೆತನದ ಗುರುತು ಒತ್ತಿತ್ತು. ವವ್ ಕ್ಲಿಕೋ, ಅಂದರೆ ಮೇಲೆ ಹೇಳಿದ ಆ ವಿಧವೆಯದೇ ಮನೆತನ, ಹೈಡ್‌ಸಿಕ್, ಮತ್ತು ಈಗ ಇಲ್ಲದ ಜುಗ್ಲಾರ್.

ಸಮುದ್ರದ ತಳದಲ್ಲಿ ತಾಪಮಾನ 2ರಿಂದ 4 ಡಿಗ್ರಿ. ಬೆಳಕಿಲ್ಲ, ಅಲುಗಾಟ ಕಡಿಮೆ. ರೀಮ್ಸ್ ಉಗ್ರಾಣದ ಗುಣಗಳೇ, ಇನ್ನೂ ತಂಪಾಗಿ. ಫ್ರಾನ್ಸಿನ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ರುಚಿ ನೋಡಿದವರ ಅನಿಸಿಕೆಯೂ ಅದರಲ್ಲಿದೆ. ಮೊದಲ ವಾಸನೆ ಚೆನ್ನಾಗಿರಲಿಲ್ಲ. ಒದ್ದೆ ಕೂದಲು, ಪ್ರಾಣಿಯ ಮೈ, ಚೀಸ್ ನೆನಪಿಸುವಂತಿತ್ತು. ಲೋಟ ತಿರುಗಿಸಿ ಗಾಳಿ ಸೋಕಿಸಿದಾಗ ಅದೇ ವೈನ್ ಬದಲಾಯಿತು. ಹೊಗೆ, ಮಸಾಲೆ, ಚರ್ಮದ ಪರಿಮಳ, ಅದರ ಹಿಂದೆ ಹಣ್ಣು ಮತ್ತು ಹೂವು. ನೊರೆ ಬಹುಮಟ್ಟಿಗೆ ಹೋಗಿತ್ತು, ನಾಲಿಗೆಯ ಮೇಲೆ ಒಂದು ಸಣ್ಣ ಚುರುಕು ಉಳಿದಿತ್ತು.

ಇನ್ನೊಂದು ವಿಷಯ ಇತಿಹಾಸದವರಿಗೆ ಹೆಚ್ಚು ಬೆಲೆಯದು. ಈ ವೈನಿನಲ್ಲಿ ಒಂದು ಲೀಟರಿಗೆ ಸುಮಾರು 150 ಗ್ರಾಂ ಸಕ್ಕರೆ ಇತ್ತು. ಇಂದಿನ ಸಾಮಾನ್ಯ ‘ಬ್ರೂಟ್’ ಷಾಂಪೇನಿನಲ್ಲಿ 12 ಗ್ರಾಮಿಗಿಂತ ಹೆಚ್ಚು ಇರುವಂತಿಲ್ಲ. ಅಂದಿನವರು ಷಾಂಪೇನನ್ನು ಹೆಚ್ಚುಕಡಿಮೆ ಪಾನಕದಂತೆ ಕುಡಿಯುತ್ತಿದ್ದರು! ಹಡಗು ರಷ್ಯಾಕ್ಕೆ ಹೊರಟಿತ್ತೆಂದು ಮೊದಲು ಊಹಿಸಿದ್ದರು. ಆದರೆ ರಷ್ಯಾದವರಿಗೆ ಇದರ ಇಮ್ಮಡಿ ಸಿಹಿ ಬೇಕಿತ್ತೆಂದು ಮದಾಮ್ ಕ್ಲಿಕೋ ಕಾಲದ ವ್ಯಾಪಾರದ ಪತ್ರಗಳು ಹೇಳುತ್ತವೆ. ಹಾಗಾಗಿ ಸರಕು ಜರ್ಮನ್ ರಾಜ್ಯಗಳ ಕಡೆಯ ಗಿರಾಕಿಗಳದ್ದಿರಬಹುದು ಎಂದು ವಿಜ್ಞಾನಿಗಳು ಸೂಚಿಸಿದರು. ಚೀಟಿ ಹೋದರೂ, ಹಡಗಿನ ಕಾಗದಪತ್ರ ಹೋದರೂ, ರುಚಿ ಸಾಕ್ಷಿ ಹೇಳಿತು. ಇದಾದ ಮೇಲೆ 2014ರಲ್ಲಿ ವವ್ ಕ್ಲಿಕೋ ಕಂಪನಿಯೇ ಹೊಸ ಬಾಟಲಿಗಳನ್ನು ಅದೇ ಸಮುದ್ರಕ್ಕೆ ಇಳಿಸಿ ಪ್ರಯೋಗ ಶುರುಮಾಡಿದೆ. ರೀಮ್ಸ್ ಬೆಟ್ಟದ ಉಗ್ರಾಣಗಳೂ ಸೇರಿದಂತೆ ಷಾಂಪೇನ್ ಪ್ರದೇಶಕ್ಕೆ 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಮನ್ನಣೆ ಸಿಕ್ಕಿತು.

ನಮ್ಮ ಊರಿನ ಲೆಕ್ಕ

ಮುಂಬಯಿ, ಚೆನ್ನೈಗಳಲ್ಲಿ ಕೂತು ಇದನ್ನು ಓದುವ ನೀವು ಕೇಳಬಹುದು, ನಮ್ಮಲ್ಲೂ ಆಳಕ್ಕೆ ತೋಡಿದರೆ ಇಂಥ ಉಗ್ರಾಣ ಆಗುವುದಿಲ್ಲವೇ? ಆಗುವುದಿಲ್ಲ. ಕಾರಣ ತಿಳಿಯುವುದು ಒಳ್ಳೆಯದು. ನೆಲದಲ್ಲಿ ಹತ್ತು ಮೀಟರ್ ಆಳದ ನಂತರ ತಾಪಮಾನ ಏರಿಳಿಯುವುದಿಲ್ಲ, ಆ ಊರಿನ ಇಡೀ ವರ್ಷದ ಸರಾಸರಿಗೆ ಹತ್ತಿರದಲ್ಲಿ ನಿಂತುಬಿಡುತ್ತದೆ. ರೀಮ್ಸ್‌ನಲ್ಲಿ ಆ ಸರಾಸರಿ 11 ಡಿಗ್ರಿಯ ಆಸುಪಾಸು. ಬೆಂಗಳೂರಿನಲ್ಲಿ 24ರ ಆಸುಪಾಸು. ಚೆನ್ನೈನಲ್ಲಿ 28ಕ್ಕೂ ಹೆಚ್ಚು. ಹಗೇವು ಜೋಳವನ್ನು ಕಾಪಾಡಿತು, ಏಕೆಂದರೆ ಜೋಳಕ್ಕೆ ಬೇಕಾದದ್ದು ಒಣ ನೆಲ, ಗಾಳಿಯಾಡದ ಜಾಗ. ವೈನಿಗೆ ಬೇಕಾದ ತಂಪನ್ನು ನಮ್ಮ ನೆಲ ಕೊಡಲಾರದು. ಹಾಗಾಗಿ 1980ರ ದಶಕದಲ್ಲಿ ಪುಣೆ ಬಳಿಯ ನಾರಾಯಣಗಾಂವ್‌ನಲ್ಲಿ ಫ್ರೆಂಚ್ ತಜ್ಞರ ನೆರವಿನಿಂದ ನೊರೆ ವೈನ್ ಮಾಡಿದವರಾಗಲಿ, ನಂತರ ನಾಸಿಕ್ ಮತ್ತು ನಂದಿಬೆಟ್ಟದ ತಪ್ಪಲಿನಲ್ಲಿ ವೈನ್ ಮಾಡಿದವರಾಗಲಿ ತಂಪಿಗೆ ಯಂತ್ರಗಳನ್ನೇ ನಂಬಬೇಕಾಯಿತು. ರೀಮ್ಸ್‌ನಲ್ಲಿ ನೆಲ ಪುಕ್ಕಟೆ ಕೊಡುವುದಕ್ಕೆ ಇಲ್ಲಿ ಕರೆಂಟ್ ಬಿಲ್ ಕಟ್ಟಬೇಕು.

ಮನೆಯ ಮಾತಿಗೆ ಬಂದರೆ, ಆಫೀಸಿನ ಉಡುಗೊರೆಯಾಗಿಯೋ, ವಿದೇಶದಿಂದ ಬಂದ ನೆಂಟರಿಂದಲೋ ಸಿಕ್ಕ ಬಾಟಲಿಯನ್ನು ಹಾಲ್‌ನ ಗಾಜಿನ ಶೋಕೇಸಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ವರ್ಷಗಟ್ಟಲೆ ನಿಲ್ಲಿಸಿಡುವುದನ್ನು ನಾವು ಎಷ್ಟೋ ಮನೆಗಳಲ್ಲಿ ನೋಡುತ್ತೇವೆ. ಒಳ್ಳೆಯ ದಿನ ಬರಲಿ ಎಂದು ಕಾಯುವುದು. ಆದರೆ ಬೆಳಕು, ಸೆಕೆ, ಒಣಗುವ ಬಿರಡೆ, ಮೂರೂ ಅದರ ಶತ್ರುಗಳು. ಹಳೆಯದಾದಷ್ಟೂ ಒಳ್ಳೆಯದೆಂಬ ಮಾತು ಬಹುಪಾಲು ವೈನಿಗೆ ಹೊಂದುವುದಿಲ್ಲ. ಅಂಗಡಿಗೆ ಬರುವ ಹೊತ್ತಿಗೇ ಹೆಚ್ಚಿನವು ಕುಡಿಯಲು ತಯಾರಾಗಿರುತ್ತವೆ. ಸ್ವಲ್ಪ ಕಾಲ ಇಡಲೇಬೇಕೆಂದರೆ ಅಡುಗೆಮನೆಯ ಅಟ್ಟ ಬೇಡ, ಕಿಟಕಿಯ ಪಕ್ಕ ಬೇಡ. ಕತ್ತಲ ಬೀರುವಿನ ಕೆಳಗಿನ ಖಾನೆಯಲ್ಲೋ, ಫ್ರಿಜ್ಜಿನಲ್ಲೋ ಮಲಗಿಸಿಡಿ. ಬಳಸದವರು ಬಳಸುವವರಿಗೆ ಬೇಗ ದಾಟಿಸಿಬಿಡುವುದೇ ಲೇಸು.

ಸೀಮೆಸುಣ್ಣದ ಗುಂಡಿಗಳನ್ನು ತೋಡಿದವರಿಗೆ ಬೇಕಾದದ್ದು ಮನೆ ಕಟ್ಟಲು ಕಲ್ಲು, ಅಷ್ಟೇ. ಅವರು ಬಿಟ್ಟುಹೋದ ಖಾಲಿ ಜಾಗ ಎಷ್ಟೋ ತಲೆಮಾರಿನ ನಂತರ ವೈನನ್ನು ಕಾಪಾಡಿತು, ಆ ಮೇಲೆ ಮಕ್ಕಳನ್ನು ಕಾಪಾಡಿತು. ಇಂದು ಪ್ರವಾಸಿಗರು 116 ಮೆಟ್ಟಿಲು ಇಳಿದು ಹೋಗಿ ಸಾಲುಸಾಲು ಬಾಟಲಿಗಳನ್ನು ನೋಡಿ ಬರುತ್ತಾರೆ. ಎಂದಾದರೂ ನೀವೂ ಆ ಕಡೆ ಹೋದರೆ, ಬಾಟಲಿಗಳ ಸಾಲನ್ನು ದಾಟಿ ಆ ಬಿಳಿಯ ಗೋಡೆಗಳನ್ನೂ ಒಮ್ಮೆ ಗಮನಿಸಿ. 1914ರ ಚಳಿಗಾಲದಲ್ಲಿ ಮಕ್ಕಳು ಅವುಗಳ ನಡುವೆ ಕೂತು ಮಗ್ಗಿ ಕಲಿತಿದ್ದಾರೆ.